ಮೀನಿನ ಕಣ್ಣಿನ ನರ ಮತ್ತೆ ಬೆಳೆಯುವಾಗ



ಹಳ್ಳಿಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಜೀವಶಾಸ್ತ್ರ ಕಲಿಸಿದ ಮೇಷ್ಟ್ರೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲೇ, ಕೇಳಿದವರಿಗೆ ತಿಳಿಯುವ ಹಾಗೆ ಹೇಳಬೇಕು ಎಂಬುದೊಂದೇ ಅವರ ಷರತ್ತು. ಅದಕ್ಕಿಂತ ದೊಡ್ಡ ಷರತ್ತು ಇನ್ನೊಂದಿಲ್ಲ ಎಂದು ನಾನು ಬಲ್ಲೆ. ಆದ್ದರಿಂದ ನನ್ನ ಮನಸ್ಸಿಗೆ ತೀರಾ ಹತ್ತಿರವಾದ, ಬಹಳ ವರ್ಷ ನನ್ನನ್ನು ಬಿಡದೆ ಕಾಡಿದ ಒಂದು ಸಣ್ಣ ಸಂಗತಿಯನ್ನೇ ಆರಿಸಿಕೊಂಡು ಬಂದಿದ್ದೇನೆ.

ನನ್ನ ತಾಯಿಗೆ ಗ್ಲಾಕೋಮಾ ಇತ್ತು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಎರಡೂ ಬದಿಯ ನೋಟ ಕತ್ತಲಾಗಿ, ಎದುರಿಗಿದ್ದದ್ದು ಮಾತ್ರ ಊದುಗೊಳವೆಯೊಳಗಿಂದ ನೋಡಿದಂತೆ ಕಾಣುತ್ತಿತ್ತು. ಹುಟ್ಟಿದಾಗಿನಿಂದ ದಾಟಿದ ಹೊಸಿಲನ್ನೇ ಎಡವುತ್ತಿದ್ದರು. ಪಕ್ಕದಲ್ಲಿ ಬಂದು ನಿಂತವರು ಬಾಯಿಬಿಟ್ಟ ಮೇಲೆಯೇ ಅವರಿಗೆ ತಿಳಿಯುತ್ತಿತ್ತು. ಕಣ್ಣಿನ ಡಾಕ್ಟರು ನೋಡಿ, "ಹೋದದ್ದು ಬರೋದಿಲ್ಲಮ್ಮ, ಇರೋದನ್ನ ಉಳಿಸ್ಕೊಳ್ಳೋಣ" ಎಂದು ಡ್ರಾಪ್ಸ್ ಬರೆದುಕೊಟ್ಟರು. ಊರಿಗೆ ವಾಪಸು ಬರುವ ಬಸ್ಸಿನಲ್ಲಿ ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು: "ನಿನ್ನ ಮೀನಿಗೆ ಬರುತ್ತೆ ಅಂತಿದ್ಯಲ್ಲೋ?"

ನಾನಾಗ ಪಿಎಚ್.ಡಿ. ವಿದ್ಯಾರ್ಥಿ. ಗೋಲ್ಡ್ ಫಿಷ್‌ಗಳ ಕಣ್ಣಿನ ನರದ ಮೇಲೆ ಕೆಲಸ ಮಾಡುತ್ತಿದ್ದೆ. ಹೌದಮ್ಮ, ಮೀನಿಗೆ ಆ ನರ ಜಜ್ಜಿಹೋದರೂ ಮತ್ತೆ ಬೆಳೆಯುತ್ತೆ, ಕೆಲವು ವಾರಗಳಲ್ಲಿ ಮತ್ತೆ ಕಾಣುತ್ತೆ ಎಂದೆ. ಅವರು ಕೇಳಿದ ಮುಂದಿನ ಪ್ರಶ್ನೆಯನ್ನು ನನ್ನ ಗೈಡ್ ಕೂಡ ಅಲ್ಲಿಯವರೆಗೆ ಕೇಳಿರಲಿಲ್ಲ. "ಬೆಳೆಯೋದು ಸರಿ ಕಣೋ. ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಯಾರು ಹೇಳ್ತಾರೆ? ಬೆಲ್ಲದ ಪಾಕಕ್ಕೆ ಉರಿ ಹಾಕೋದು ಯಾರಿಗಾದ್ರೂ ಬರುತ್ತೆ. ಎಳೆ ಬಂದ ಗಳಿಗೇಲಿ ಇಳಿಸೋದು ಗೊತ್ತಿರಬೇಕು."

ಈ ಉಪನ್ಯಾಸ ಆ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ. ಉತ್ತರದ ನಡುವೆ ನಿಂತಿರುವುದು ನೀವೆಲ್ಲ ಬೇರೆ ಕಾರಣಕ್ಕೆ ಕೇಳಿರುವ ಒಂದು ಹೆಸರು, ಸಿರೊಟೋನಿನ್.

ಮೊದಲು ಮೀನಿನ ಕಣ್ಣನ್ನು ನೋಡೋಣ. ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಅಂಟಿಕೊಂಡಿರುವ ತೆಳುಪದರವೇ ಅಕ್ಷಿಪಟ. ಬೆಳಕನ್ನು ಹಿಡಿಯುವ ಕೋಶಗಳು, ನಡುವೆ ಸುದ್ದಿಯನ್ನು ಸೋಸಿ ತಿದ್ದುವ ಕೋಶಗಳು, ಕೊನೆಗೆ ಸುದ್ದಿಯನ್ನು ಮಿದುಳಿಗೆ ಒಯ್ಯುವ ಗ್ಯಾಂಗ್ಲಿಯಾನ್ ಕೋಶಗಳು, ಇವೆಲ್ಲ ಅದರೊಳಗೆ ಸಾಲುಸಾಲಾಗಿವೆ. ಒಂದೊಂದು ಗ್ಯಾಂಗ್ಲಿಯಾನ್ ಕೋಶದಿಂದಲೂ ಒಂದೊಂದು ಉದ್ದನೆಯ ನರತಂತು ಹೊರಡುತ್ತದೆ. ಎಲ್ಲ ತಂತುಗಳೂ ಒಂದೇ ಕಡೆ ಸೇರಿ, ಹಗ್ಗ ಹೊಸೆದಂತೆ ಒಂದಾಗಿ ಕಣ್ಣಿನಿಂದ ಹೊರಬೀಳುತ್ತವೆ. ಅದೇ ದೃಷ್ಟಿನರ. ಮನುಷ್ಯನ ಒಂದು ದೃಷ್ಟಿನರದಲ್ಲಿ ಸುಮಾರು 10 ಲಕ್ಷ ತಂತುಗಳಿವೆ. ಮೀನಿನಲ್ಲಿ ಎಡಗಣ್ಣಿನ ನರ ಪೂರ್ತಿಯಾಗಿ ಬಲಗಡೆಗೆ, ಬಲಗಣ್ಣಿನದು ಎಡಗಡೆಗೆ ದಾಟಿ, ಮಿದುಳಿನ ಮೇಲ್ಭಾಗದಲ್ಲಿ ಉಬ್ಬಿಕೊಂಡಿರುವ ಟೆಕ್ಟಮ್ ಎಂಬ ಭಾಗವನ್ನು ಸೇರುತ್ತದೆ.

ನಾನು ಮಾಡುತ್ತಿದ್ದ ಕೆಲಸವನ್ನು ಕಂಡಂತೆಯೇ ಹೇಳುತ್ತೇನೆ. ಮೀನನ್ನು ಅರಿವಳಿಕೆ ಬೆರೆಸಿದ ನೀರಿಗೆ ಬಿಡುತ್ತೇವೆ. ಕಿವಿರುಗಳ ಆಟ ನಿಧಾನವಾಗಿ, ಮೀನು ಪಕ್ಕಕ್ಕೆ ಒರಗುತ್ತದೆ. ಒದ್ದೆ ಬಟ್ಟೆಯಲ್ಲಿ ಅದನ್ನು ಸುತ್ತಿ, ಕಣ್ಣಿನ ಅಂಚಿನ ತೆಳುಪೊರೆಯನ್ನು ಬಿಡಿಸಿ, ಗುಡ್ಡೆಯನ್ನು ಒಂದಿಷ್ಟು ಮುಂದಕ್ಕೆ ಎಳೆದರೆ ಹಿಂದೆ ಬೆಳ್ಳಗೆ ಹೊಳೆಯುವ ನರ ಕಾಣುತ್ತದೆ. ಸಣ್ಣ ಚಿಮಟದಿಂದ ಅದನ್ನು ಅದುಮಿ ಹಿಡಿದು ಬಿಟ್ಟರೆ, ಹಿಡಿದ ಜಾಗದಲ್ಲಿ ಬಿಳುಪು ಹೋಗಿ ಗಾಜಿನಂಥ ಒಂದು ಸಂದು ಉಳಿಯುತ್ತದೆ. ನರದ ಹೊರಗವಸು ಹರಿದಿರುವುದಿಲ್ಲ, ಒಳಗಿನ ತಂತುಗಳೆಲ್ಲ ತುಂಡಾಗಿರುತ್ತವೆ. ಕಣ್ಣನ್ನು ಮತ್ತೆ ಗೂಡಿಗೆ ಕೂರಿಸಿ ಮೀನನ್ನು ತೊಟ್ಟಿಗೆ ಬಿಡುತ್ತೇವೆ. ಎಚ್ಚರಾದ ಮೇಲೆ ಅದು ಈಜುತ್ತದೆ, ಆದರೆ ನೆಟ್ಟಗಲ್ಲ. ಮೀನು ತನ್ನ ಮೈಯನ್ನು ನೆಟ್ಟಗಿಟ್ಟುಕೊಳ್ಳುವುದು ಮೇಲಿನಿಂದ ಬೀಳುವ ಬೆಳಕನ್ನು ಎರಡೂ ಕಣ್ಣಿನಲ್ಲಿ ತೂಗಿ ನೋಡಿ. ಒಂದು ಕಣ್ಣಿನ ಸುದ್ದಿ ನಿಂತರೆ ತಕ್ಕಡಿ ಏರುಪೇರಾಗಿ, ಮೀನು ಒಂದು ಬದಿಗೆ ವಾಲಿಕೊಂಡೇ ಓಡಾಡುತ್ತದೆ. ಆ ವಾಲುವಿಕೆಯನ್ನು ನೋಡುವಾಗ ಹೊಸಿಲು ಎಡವುವ ಅಮ್ಮ ನೆನಪಾಗುತ್ತಿದ್ದರು.

ಆ ಹೊತ್ತಿಗೆ ಕಣ್ಣಿನ ಒಳಗೆ ದೊಡ್ಡ ಕೆಲಸ ಶುರುವಾಗಿರುತ್ತದೆ. ನಮ್ಮ ಕಣ್ಣಿನಲ್ಲಾದರೆ ತಂತು ತುಂಡಾದ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಗೋಲ್ಡ್ ಫಿಷ್‌ನಲ್ಲಿ ಅವು ಊದಿಕೊಳ್ಳುತ್ತವೆ. 1969ರಲ್ಲಿ ಮರಿಯನ್ ಮರ್ರೆ ಮತ್ತು ಬರ್ನಿಸ್ ಗ್ರಾಫ್‌ಸ್ಟೀನ್ ಇದನ್ನು ವಿವರವಾಗಿ ತೋರಿಸಿದರು. ಕೋಶದ ಒಡಲು ಹಿಗ್ಗುತ್ತದೆ, ಪ್ರೋಟೀನ್ ಕಟ್ಟುವ ಕೆಲಸ ಏರುತ್ತದೆ. ಮದುವೆಮನೆಯ ಅಡುಗೆಕೋಣೆಯ ಹಾಗೆ ಎಲ್ಲ ಒಲೆಗಳೂ ಹೊತ್ತಿಕೊಳ್ಳುತ್ತವೆ. ತುಂಡಾದ ತುದಿಯಿಂದ ಹೊಸ ತಂತು ಹೊರಟು, ಹಳೆಯ ನರದ ಗವಸಿನೊಳಗೇ ದಾರಿ ಹಿಡಿದು, ಮಿದುಳಿನ ಕಡೆ ನಡೆಯುತ್ತದೆ.

ನಡೆದು ಸೇರುವುದು ಎಲ್ಲಿಗೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ರೋಜರ್ ಸ್ಪೆರ್ರಿ. 1940ರ ದಶಕದಲ್ಲಿ ಅವರು ನ್ಯೂಟ್ ಎಂಬ ಹಲ್ಲಿಯಂಥ ಉಭಯಚರ ಮತ್ತು ಕಪ್ಪೆಗಳಲ್ಲಿ ದೃಷ್ಟಿನರವನ್ನು ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿ ಬಿಟ್ಟರು. ನರ ಬೆಳೆಯಿತು, ನೋಟ ಮರಳಿತು. ಆದರೆ ನೊಣ ಮೇಲಿದ್ದರೆ ಕಪ್ಪೆ ಕೆಳಕ್ಕೆ ನಾಲಿಗೆ ಚಾಚುತ್ತಿತ್ತು. ಹಾಗೇ ಉಳಿಯಿತು, ಎಂದೂ ತಿದ್ದಿಕೊಳ್ಳಲಿಲ್ಲ. ಕಣ್ಣು ತಿರುಗಿದ್ದರೂ ಒಂದೊಂದು ತಂತುವೂ ತನ್ನ ಹಳೆಯ ವಿಳಾಸಕ್ಕೇ ಹೋಗಿ ಸೇರಿದೆ ಎಂದು ಅದರರ್ಥ. 1963ರಲ್ಲಿ ಅಟ್ಟಾರ್ಡಿ ಮತ್ತು ಸ್ಪೆರ್ರಿ ಗೋಲ್ಡ್ ಫಿಷ್‌ನಲ್ಲಿ ಇದನ್ನು ಕಣ್ಣಾರೆ ಕಾಣಿಸಿದರು. ಅಕ್ಷಿಪಟದ ಅರ್ಧಭಾಗ ತೆಗೆದುಹಾಕಿದಾಗ, ಉಳಿದ ಅರ್ಧದ ತಂತುಗಳು ಟೆಕ್ಟಮ್‌ನಲ್ಲಿ ಖಾಲಿ ಬಿದ್ದ ಜಾಗವನ್ನು ಹಾದುಹೋಗಿ ತಮ್ಮ ಜಾಗದಲ್ಲೇ ನೆಲೆನಿಂತವು. ಸ್ಪೆರ್ರಿಯವರಿಗೆ 1981ರಲ್ಲಿ ನೊಬೆಲ್ ಬಂದದ್ದು ಮಿದುಳಿನ ಎಡಬಲ ಅರೆಗೋಳಗಳ ಕೆಲಸಕ್ಕೆ. ಆದರೂ ನನ್ನ ಮಟ್ಟಿಗೆ ಅವರು ಈ ಮೀನು ಕಪ್ಪೆಗಳ ಸ್ಪೆರ್ರಿಯೇ.

ವಿಳಾಸ ಬರೆದಿದ್ದರೆ ಸಾಲದು. ಬೆಳೆಯುವ ತುದಿಗೆ ವೇಗ ಬೇಕು, ತಡೆಯೂ ಬೇಕು. ಅದನ್ನು ಅಳೆಯಲು ಇಡೀ ಮೀನು ತುಂಬಾ ದೊಡ್ಡದು. ಆದ್ದರಿಂದ ಕೆಲಸ ಗಾಜಿನ ತಟ್ಟೆಗೆ ಬಂತು.

ನರತಂತುವನ್ನು ದೇಹದ ಹೊರಗೆ ಬೆಳೆಸಬಹುದು ಎಂದು 1907ರಲ್ಲೇ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ಅಂಗಾಂಶದಲ್ಲಿ ತೋರಿಸಿದ್ದರು. ಬೆಳೆದ ಮೀನಿನ ಅಕ್ಷಿಪಟವನ್ನು ತಟ್ಟೆಯಲ್ಲಿ ಚಿಗುರಿಸುವ ಕ್ರಮವನ್ನು 1976ರಲ್ಲಿ ಪ್ರಕಟಿಸಿದವರು ಮಿಷಿಗನ್ ವಿಶ್ವವಿದ್ಯಾಲಯದ ಲ್ಯಾಂಡ್ರೆತ್ ಮತ್ತು ಬರ್ನಾರ್ಡ್ ಅಗ್ರನಾಫ್. ಮೀನನ್ನು ಮೊದಲು ಕತ್ತಲಲ್ಲಿ ಇಡುತ್ತೇವೆ, ಆಗ ಅಕ್ಷಿಪಟ ಹಿಂದಿನ ಕಪ್ಪು ಪದರದಿಂದ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಹೊರತೆಗೆದ ಪದರವನ್ನು ಅರ್ಧ ಮಿಲಿಮೀಟರಿನ ಚೌಕಗಳಾಗಿ ಕತ್ತರಿಸಿ, ಪಾಲಿಲೈಸಿನ್ ಎಂಬ ಅಂಟು ಬಳಿದ ತಟ್ಟೆಯಲ್ಲಿ ಪೋಷಕ ದ್ರವದೊಳಗೆ ಇಡಬೇಕು. ನಮ್ಮ ಜೀವಕೋಶಗಳಾದರೆ 37 ಡಿಗ್ರಿಯ ಪೆಟ್ಟಿಗೆ ಬೇಕು. ಮೀನಿನದಕ್ಕೆ ಕೋಣೆಯ ಹದವಾದ ತಂಪೇ ಸಾಕು. ಮೊದಲೆರಡು ದಿನ ಚೌಕ ಸುಮ್ಮನಿರುತ್ತದೆ. ಆಮೇಲೊಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಅಂಚಿನಿಂದ ಕೂದಲಿಗಿಂತ ಸಣ್ಣ ಎಳೆಗಳು ಹೊರಬಂದಿರುತ್ತವೆ. ವಾರ ಕಳೆಯುವುದರೊಳಗೆ ಚೌಕದ ಸುತ್ತಲೂ ಎಳೆಗಳ ಪ್ರಭಾವಳಿ.

ಆ ಪ್ರಭಾವಳಿಯಲ್ಲಿ ಒಂದು ವಿಚಿತ್ರವಿದೆ. ಎಳೆಗಳು ನೇರವಾಗಿ ಹೋಗುವುದಿಲ್ಲ, ಎಲ್ಲವೂ ಒಂದೇ ದಿಕ್ಕಿಗೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಬಾಗುತ್ತವೆ. 1977ರಲ್ಲಿ ಹೀಕಾಕ್ ಮತ್ತು ಅಗ್ರನಾಫ್ ಇದನ್ನು ವರದಿ ಮಾಡಿದರು. ಪ್ರದಕ್ಷಿಣೆ ಬರುವ ಆ ಎಳೆಗಳನ್ನು ಮೊದಲ ಸಲ ಕಂಡ ದಿನ ನಾನು ಊಟಕ್ಕೆ ಹೋಗುವುದನ್ನೇ ಮರೆತಿದ್ದೆ.

ನಮ್ಮ ಕಥೆಗೆ ಬೇಕಾದದ್ದು ಲ್ಯಾಂಡ್ರೆತ್, ಅಗ್ರನಾಫ್ ಅವರ ಇನ್ನೊಂದು ಗಮನಿಕೆ. ಅಕ್ಷಿಪಟವನ್ನು ತೆಗೆಯುವ ಒಂದೆರಡು ವಾರ ಮೊದಲೇ ಮೀನಿನ ದೃಷ್ಟಿನರವನ್ನು ಜಜ್ಜಿಟ್ಟಿದ್ದರೆ ತಟ್ಟೆಯಲ್ಲಿ ಚಿಗುರು ಬೇಗನೆ ಬರುತ್ತದೆ, ದಟ್ಟವಾಗಿ ಬರುತ್ತದೆ. ಜಜ್ಜದ ಕಣ್ಣಿನ ಚೌಕಗಳಲ್ಲಿ ಚಿಗುರು ತೀರಾ ಬಡವು. ಅಂದರೆ ಬೆಳೆಯುವ ನಿರ್ಧಾರ ಕಣ್ಣಿನೊಳಗೇ, ತಟ್ಟೆಗೆ ಬರುವ ಮೊದಲೇ ಆಗಿರುತ್ತದೆ. ತಟ್ಟೆಗೆ ಬರುವುದು ಆಗಲೇ ಹೊರಟು ನಿಂತ ಕೋಶ. ಹೊರಟು ನಿಂತ ಕೋಶದ ಮೇಲೆ ಒಂದೊಂದೇ ರಾಸಾಯನಿಕವನ್ನು ಹನಿಸಿ, ಚಿಗುರು ಹೆಚ್ಚುತ್ತದೋ ಕುಗ್ಗುತ್ತದೋ ಎಂದು ಎಣಿಸಬಹುದು, ಅಳೆಯಬಹುದು.

ಈ ಎಣಿಕೆಯನ್ನು ವರ್ಷಗಟ್ಟಲೆ ತಾಳ್ಮೆಯಿಂದ ಮಾಡಿದ ತಂಡವೊಂದು ವೆನೆಜುವೆಲಾದಲ್ಲಿತ್ತು. ಕರಾಕಸ್ ನಗರದ ಹೊರಗಿನ ಬೆಟ್ಟದ ಮೇಲೆ ಆ ದೇಶದ ವೈಜ್ಞಾನಿಕ ಸಂಶೋಧನಾ ಸಂಸ್ಥೆಯಿದೆ. ಮೀನಿನ ಅಕ್ಷಿಪಟದಲ್ಲಿ ಬೆಳಕಿನ ಬಣ್ಣಕ್ಕೆ ತಕ್ಕಂತೆ ಬದಲಾಗುವ ವಿದ್ಯುತ್ ಸಂಕೇತಗಳನ್ನು ದಾಖಲಿಸಿ ಹೆಸರಾದ ಗುನ್ನಾರ್ ಸ್ವೇಟಿಚಿನ್ ಕೆಲಸ ಮಾಡಿದ ಜಾಗ ಅದು. ಮೀನಿನ ಕಣ್ಣಿನ ಅಧ್ಯಯನಕ್ಕೆ ಅಲ್ಲೊಂದು ಮನೆತನವೇ ಬೆಳೆದಿತ್ತು ಎನ್ನಬಹುದು. ಲೂಸಿಮೇ ಲೀಮಾ ಮತ್ತು ಸಂಗಡಿಗರು ಆ ಪರಂಪರೆಯವರು. ಅವರು ಮೊದಲು ಹಿಡಿದದ್ದು ಟಾರಿನ್ ಎಂಬ ಅಮೈನೋ ಆಮ್ಲವನ್ನು. 1827ರಲ್ಲಿ ಎತ್ತಿನ ಪಿತ್ತದಲ್ಲಿ ಸಿಕ್ಕಿದ ವಸ್ತು ಅದು, ಅಕ್ಷಿಪಟದಲ್ಲಿ ಹೇರಳವಾಗಿದೆ. ಆಹಾರದಲ್ಲಿ ಟಾರಿನ್ ಇಲ್ಲದ ಬೆಕ್ಕುಗಳ ಅಕ್ಷಿಪಟ ಕೆಟ್ಟು ಅವು ಕುರುಡಾಗುತ್ತವೆ ಎಂದು 1970ರ ದಶಕದಲ್ಲಿ ಗೊತ್ತಾಗಿತ್ತು. ಮೊದಲೇ ಜಜ್ಜಿದ ಗೋಲ್ಡ್ ಫಿಷ್ ಅಕ್ಷಿಪಟದ ಚೌಕಕ್ಕೆ ಟಾರಿನ್ ಹಾಕಿದರೆ ಚಿಗುರು ಹೆಚ್ಚುತ್ತದೆ ಎಂದು ಲೀಮಾ ತಂಡ ತೋರಿಸಿತು. ಇದು ಉರಿ ಹಾಕುವ ಕೈ.

ಆಮೇಲೆ ಅವರು ಸಿರೊಟೋನಿನ್ ಹಾಕಿ ನೋಡಿದರು. 1994ರ ಪ್ರಬಂಧ. ಚಿಗುರು ಕುಗ್ಗಿತು. ಟಾರಿನ್ ಜೊತೆಯಲ್ಲೇ ಹಾಕಿದಾಗ, ಟಾರಿನ್ ಕೊಡಬೇಕಾಗಿದ್ದ ಉತ್ತೇಜನವೂ ಮಂಕಾಯಿತು. ಅಮ್ಮ ಕೇಳಿದ್ದು ಇದನ್ನೇ. ಒಲೆಯಿಂದ ಇಳಿಸುವ ಕೈ.

ಇಲ್ಲಿ ಸಿರೊಟೋನಿನ್ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಈ ವಸ್ತುವಿಗೆ ನಾವು ಅನ್ಯಾಯ ಮಾಡಿದ್ದೇವೆ. ದಿನಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ಮೊಬೈಲಿನಲ್ಲಿ ಓಡಾಡುವ ಸಂದೇಶಗಳಲ್ಲಿ ಅದಕ್ಕೆ 'ಸಂತೋಷದ ಹಾರ್ಮೋನು' ಎಂದು ಹೆಸರು. ಬಾಳೆಹಣ್ಣು ತಿಂದರೆ ಏರುತ್ತದೆ, ಬಿಸಿಲಿಗೆ ನಿಂತರೆ ಏರುತ್ತದೆ, ಏರಿದರೆ ಮನಸ್ಸು ಅರಳುತ್ತದೆ ಎಂದು ಬರೆಯುತ್ತಾರೆ. ನನಗೆ ಇದರಿಂದ ನಿಜವಾಗಿ ನೋವಾಗುತ್ತದೆ. ಖಿನ್ನತೆಯಂಥ ದೊಡ್ಡ ಸಂಕಟವನ್ನು ಒಂದು ಬಾಟಲಿಯ ಮಟ್ಟಕ್ಕೆ ಇಳಿಸಿದಂತಾಗುತ್ತದೆ, ಈ ಅಣುವಿನ ವಿಸ್ತಾರವೂ ಮರೆಯಾಗುತ್ತದೆ.

ಅದರ ಹುಟ್ಟುಕಥೆಯಲ್ಲಿ ಸಂತೋಷದ ಮಾತೇ ಇಲ್ಲ. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮೆರ್ ಕರುಳಿನ ಒಳಪದರದಲ್ಲಿ ಸ್ನಾಯುವನ್ನು ಬಿಗಿಯುವ ಒಂದು ವಸ್ತುವನ್ನು ಕಂಡು ಎಂಟರಮೈನ್ ಎಂದು ಕರೆದರು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರ‍್ಯಾಪೋರ್ಟ್, ಗ್ರೀನ್ ಮತ್ತು ಪೇಜ್ ರಕ್ತದ ಸೀರಮ್‌ನಿಂದ ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತುವನ್ನು ಬೇರ್ಪಡಿಸಿದರು. ಸೀರಮ್‌ನ 'ಸೀರೋ', ಬಿಗುವಿನ 'ಟೋನ್' ಸೇರಿ ಸಿರೊಟೋನಿನ್ ಎಂಬ ಹೆಸರಾಯಿತು. ಎರಡೂ ಒಂದೇ ಎಂದು ಕೆಲವೇ ವರ್ಷಗಳಲ್ಲಿ ತಿಳಿಯಿತು. ಅದು ಮಿದುಳಿನಲ್ಲೂ ಇದೆ ಎಂದು 1953ರಲ್ಲಿ ಕಂಡುಹಿಡಿದವರು ಬೆಟ್ಟಿ ಟ್ವಾರೋಗ್. ಅವರು ಹೊರಟದ್ದು ಸಮುದ್ರದ ಚಿಪ್ಪುಜೀವಿಯೊಂದರಿಂದ, ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವುದರ ಬಳಗದ್ದು. ಆ ಜೀವಿ ತನ್ನನ್ನು ಬಂಡೆಗೆ ಬಿಗಿದು ಹಿಡಿಯುವ ಸ್ನಾಯುವನ್ನು ಸಡಿಲಿಸುವುದು ಸಿರೊಟೋನಿನ್. ಅದು ಚಿಪ್ಪಿನಲ್ಲಿದ್ದರೆ ನಮ್ಮಲ್ಲೂ ಯಾಕಿರಬಾರದು ಎಂದು ಹುಡುಕಿ ಪೇಜ್ ಜೊತೆಗೂಡಿ ಸಸ್ತನಿಗಳ ಮಿದುಳಿನಲ್ಲಿ ಕಂಡರು. ನಮ್ಮ ಮೈಯ ಸಿರೊಟೋನಿನ್‌ನ ಬಹುಪಾಲು ಇರುವುದು ಕರುಳಿನಲ್ಲೇ.

ಕರುಳಿನಲ್ಲಿ ಬಿಗಿಯುತ್ತದೆ, ಚಿಪ್ಪಿನಲ್ಲಿ ಸಡಿಲಿಸುತ್ತದೆ. ಈ ವೈರುಧ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇನ್ನೊಂದು ಸಲ ಬೇಕಾಗುತ್ತದೆ.

ಬೆಳೆಯುವ ನರಕ್ಕೆ ಸಿರೊಟೋನಿನ್ 'ನಿಲ್ಲು' ಎನ್ನಬಲ್ಲದು ಎಂಬ ಸುಳಿವು ಮೊದಲು ಸಿಕ್ಕಿದ್ದು ಬಸವನಹುಳುವಿನಲ್ಲಿ. ಅಯೋವಾ ವಿಶ್ವವಿದ್ಯಾಲಯದ ಹೇಡನ್, ಮೆಕಾಬ್ ಮತ್ತು ಕೇಟರ್ 1984ರಲ್ಲಿ ಹೆಲಿಸೋಮಾ ಎಂಬ ಸಿಹಿನೀರಿನ ಬಸವನಹುಳುವಿನ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರು. ಬೆಳೆಯುವ ತಂತುವಿನ ತುದಿ ಅಗಲವಾಗಿ, ಬೆರಳು ಚಾಚಿದ ಅಂಗೈಯಂತೆ ಇರುತ್ತದೆ. ಸ್ಪೇನಿನ ರಾಮೋನ್ ಇ ಕಹಾಲ್ 1890ರಲ್ಲೇ ಅದನ್ನು ಗುರುತಿಸಿದ್ದರು. ಆ ಬೆರಳುಗಳು ನೆಲವನ್ನು ತಡವಿ ತಡವಿ ಮುಂದೆ ಹೋಗುತ್ತವೆ. ಸಿರೊಟೋನಿನ್ ಬಿದ್ದ ಕೂಡಲೇ ಒಂದು ಕೋಶದಲ್ಲಿ ಬೆರಳುಗಳು ಮಡಚಿಕೊಂಡು ತುದಿ ನಿಂತುಹೋಯಿತು. ಪಕ್ಕದಲ್ಲೇ ಇದ್ದ ಇನ್ನೊಂದು ಕೋಶ ಏನೂ ಆಗಿಲ್ಲವೆಂಬಂತೆ ಬೆಳೆಯುತ್ತಲೇ ಹೋಯಿತು. ಹನಿ ಒಂದೇ, ತಟ್ಟೆ ಒಂದೇ. ನಿಂತ ಕೋಶದ ತುದಿಯಲ್ಲಿ ಕ್ಯಾಲ್ಸಿಯಂ ಏರಿತ್ತು ಎಂದು ಮುಂದೆ ಅದೇ ಗುಂಪು ತೋರಿಸಿತು. ಬೆಳೆಯುವ ತುದಿಗೆ ಕ್ಯಾಲ್ಸಿಯಂ ಬೇಕು, ಆದರೆ ಹದವಾಗಿ ಬೇಕು. ಹದಕ್ಕಿಂತ ಕಮ್ಮಿಯಾದರೂ ನಿಲ್ಲುತ್ತದೆ, ಮೀರಿದರೂ ನಿಲ್ಲುತ್ತದೆ.

ಅಂದರೆ ಮಾತು ಸಿರೊಟೋನಿನ್‌ನಲ್ಲಿಲ್ಲ, ಕೇಳುವ ಕಿವಿಯಲ್ಲಿದೆ. ಕೋಶದ ಮೇಲಿನ ಗ್ರಾಹಕಗಳೇ ಆ ಕಿವಿಗಳು. ಸಸ್ತನಿಗಳಲ್ಲಿ ಸಿರೊಟೋನಿನ್‌ಗೆ ಹದಿನಾಲ್ಕು ಬಗೆಯ ಗ್ರಾಹಕಗಳಿವೆ. ಕೆಲವು ಕೋಶದ ಒಳಗಿನ ಕೆಲಸವನ್ನು ಚುರುಕುಗೊಳಿಸುತ್ತವೆ, ಕೆಲವು ತಣ್ಣಗಾಗಿಸುತ್ತವೆ. ಗೋಲ್ಡ್ ಫಿಷ್ ಅಕ್ಷಿಪಟದಲ್ಲಿ ಚಿಗುರನ್ನು ತಡೆಯುವ ಕೆಲಸದಲ್ಲಿ ಲೀಮಾ ತಂಡ ಕೈ ತೋರಿಸಿದ್ದು 1ಎ ಎಂಬ ಗ್ರಾಹಕದ ಕಡೆ. ಇದು ತಣ್ಣಗಾಗಿಸುವ ಜಾತಿಯದು. ಸಿರೊಟೋನಿನ್ ಬಂದು ಕೂತಾಗ ಅದು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ದೂತನ ತಯಾರಿಕೆಯನ್ನು ತಗ್ಗಿಸುತ್ತದೆ. ನರ ಬೆಳೆಯಬೇಕಾದರೆ ಈ ದೂತ ಎಷ್ಟು ಮುಖ್ಯ ಎಂಬುದು ಬೇರೆ ಪ್ರಯೋಗಗಳಿಂದ ಗೊತ್ತಿದೆ. ಸಸ್ತನಿಯ ನರಕೋಶದಲ್ಲಿ ಅದನ್ನು ಮೊದಲೇ ಹೆಚ್ಚಿಸಿಟ್ಟರೆ, ಸಾಮಾನ್ಯವಾಗಿ ತಡೆಯೊಡ್ಡುವ ನೆಲದ ಮೇಲೂ ತಂತು ಬೆಳೆಯುತ್ತದೆ ಎಂದು ನ್ಯೂಯಾರ್ಕಿನ ಮೇರಿ ಫಿಲ್ಬಿನ್ ಗುಂಪು 1999ರಲ್ಲಿ ತೋರಿಸಿತು.

ತಟ್ಟೆಯಲ್ಲಿ ನಾವು ಹನಿಸುವ ಸಿರೊಟೋನಿನ್ ಮೀನಿನ ಕಣ್ಣಿನಲ್ಲಿ ತಾನಾಗಿ ಇದೆಯೇ ಎಂದು ವಿದ್ಯಾರ್ಥಿಗಳು ಕೇಳಬೇಕು. ಇದೆ. ಅಕ್ಷಿಪಟದ ನಡುಪದರದಲ್ಲಿ ಅಮಾಕ್ರೈನ್ ಎಂಬ ಕೋಶಗಳಿವೆ. ಉದ್ದನೆಯ ತಂತು ಇಲ್ಲದವು ಎಂಬ ಅರ್ಥದಲ್ಲಿ ಆ ಹೆಸರನ್ನು ಕೊಟ್ಟವರೂ ಕಹಾಲ್ ಅವರೇ. ಗೋಲ್ಡ್ ಫಿಷ್‌ನಲ್ಲಿ ಅವುಗಳ ಪೈಕಿ ಕೆಲವು ಸಿರೊಟೋನಿನ್ ಇಟ್ಟುಕೊಂಡಿರುತ್ತವೆ. ಅವುಗಳ ಕೊಂಬೆಗಳು ಹರಡುವ ಪದರಕ್ಕೇ ಗ್ಯಾಂಗ್ಲಿಯಾನ್ ಕೋಶಗಳೂ ಕೈಚಾಚಿರುತ್ತವೆ. ತಡೆಯುವವನು ನೆರೆಮನೆಯಲ್ಲೇ ಇದ್ದಾನೆ.

ಇಷ್ಟು ಚೆನ್ನಾಗಿ ಬೆಳೆಸಬಲ್ಲ ಪ್ರಾಣಿ, ಬೆಳವಣಿಗೆಗೆ ಅಡ್ಡ ಬರುವ ಕೈಯನ್ನು ಮನೆಯೊಳಗೇ ಏಕೆ ಇಟ್ಟುಕೊಂಡಿದೆ? ಇಲ್ಲಿಂದ ಮುಂದೆ ಹೇಳುವುದರಲ್ಲಿ ನನ್ನ ಊಹೆಯೂ ಸೇರಿದೆ, ಅದನ್ನು ಊಹೆಯೆಂದೇ ತೆಗೆದುಕೊಳ್ಳಿ. ಗೋಲ್ಡ್ ಫಿಷ್‌ನ ಕಣ್ಣು ಜೀವಮಾನವಿಡೀ ಬೆಳೆಯುತ್ತದೆ. ಅಕ್ಷಿಪಟದ ಅಂಚಿನಲ್ಲಿ ಹೊಸ ಕೋಶಗಳು ಮರದ ಕಾಂಡದಲ್ಲಿ ವರ್ಷದ ಬಳೆಗಳು ಮೂಡಿದ ಹಾಗೆ ಸುತ್ತುಸುತ್ತಾಗಿ ಸೇರುತ್ತಲೇ ಇರುತ್ತವೆ. ಟೆಕ್ಟಮ್ ಕೂಡ ಬೆಳೆಯುತ್ತದೆ, ಆದರೆ ಬಳೆಯಾಗಿ ಅಲ್ಲ, ಒಂದು ಕಡೆಯಿಂದ ಅರ್ಧಚಂದ್ರದ ಆಕಾರದಲ್ಲಿ. ಎರಡೂ ಕಡೆಯ ನಕ್ಷೆ ಹೊಂದಿಕೊಂಡಿರಬೇಕಾದರೆ ಹಳೆಯ ತಂತುಗಳು ತಮ್ಮ ತುದಿಗಳನ್ನು ಬಿಡಿಸಿ ಸರಿದು ಮತ್ತೆ ನೆಲೆನಿಲ್ಲುತ್ತಲೇ ಇರಬೇಕು. ಪೆಟ್ಟು ಬೀಳದ ಆರೋಗ್ಯವಂತ ಮೀನಿನಲ್ಲೂ ಈ ಒಕ್ಕಲೆಬ್ಬಿಸುವ, ನೆಲೆಗೊಳಿಸುವ ಕೆಲಸ ನಡೆದೇ ಇರುತ್ತದೆ. ಇಂಥ ಮನೆಯಲ್ಲಿ ಬರೀ ಮುಂದೂಡುವ ಕೈಗಳಿದ್ದರೆ ಬಾಳುವೆ ಸಾಗದು.

ತಡೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಇಲಿಯಲ್ಲೊಂದು ಸಾಕ್ಷಿಯಿದೆ. ಸಿರೊಟೋನಿನನ್ನು ಒಡೆಯುವ ಕಿಣ್ವದ ಜೀನ್ ಇಲ್ಲದ ಇಲಿಮರಿಗಳಲ್ಲಿ ಸಿರೊಟೋನಿನ್ ಮಿತಿಮೀರಿ ತುಂಬಿಕೊಳ್ಳುತ್ತದೆ. ಎಡಗಣ್ಣಿನ ಮತ್ತು ಬಲಗಣ್ಣಿನ ತಂತುಗಳು ಮಿದುಳಿನಲ್ಲಿ ತಂತಮ್ಮ ಪಾಲಿನ ಜಾಗಕ್ಕೆ ಬೇರೆಯಾಗಿ ಸರಿಯಬೇಕು. ಈ ಮರಿಗಳಲ್ಲಿ ಅವು ಬೇರೆಯಾಗದೆ ಒಂದರ ಮೇಲೊಂದು ಹರಡಿಕೊಂಡೇ ಉಳಿದವು ಎಂದು 1999ರಲ್ಲಿ ಅಪ್ಟನ್ ಮತ್ತು ಸಂಗಡಿಗರು ಪ್ಯಾರಿಸ್‌ನಿಂದ ವರದಿ ಮಾಡಿದರು. 1ಬಿ ಎಂಬ ಗ್ರಾಹಕವನ್ನೂ ಇಲ್ಲವಾಗಿಸಿದಾಗ ತಂತುಗಳು ಮತ್ತೆ ಬೇರೆಯಾದವು. ನೋಟದ ನಕ್ಷೆ ಬರೆಯುವಾಗ ಸಿರೊಟೋನಿನ್‌ನ ಅಳತೆ ತಪ್ಪಿದರೆ ಗೆರೆಗಳೇ ಕಲಸಿಹೋಗುತ್ತವೆ.

ಹಾಗಾದರೆ ಸಿರೊಟೋನಿನ್ ಎಂದರೆ ತಡೆ ಎಂದು ಬರೆದುಕೊಂಡು ಮನೆಗೆ ಹೋಗಬಹುದೇ? ಬೇಡ. ಆಗಲೇ ಇಟ್ಟುಕೊಳ್ಳಿ ಎಂದ ವೈರುಧ್ಯವನ್ನು ಈಗ ತೆಗೆಯೋಣ. ಮೀನಿನದೇ ಬೆನ್ನುಹುರಿಗೆ ಬಂದರೆ ಕಥೆ ತಿರುಗುತ್ತದೆ. ಜೀಬ್ರಾ ಮೀನಿನ ಬೆನ್ನುಹುರಿಗೆ ಗಾಯವಾದಾಗ ಹೊಸ ಚಾಲಕ ನರಕೋಶಗಳು ಹುಟ್ಟುತ್ತವೆ. ಆ ಹುಟ್ಟಿಗೆ ಸಿರೊಟೋನಿನ್ ಒತ್ತಾಸೆ ಕೊಡುತ್ತದೆ ಎಂದು ಎಡಿನ್‌ಬರೋದಲ್ಲಿ ಬೆಕರ್ ದಂಪತಿಗಳ ಪ್ರಯೋಗಾಲಯ 2015ರಲ್ಲಿ ತೋರಿಸಿತು. ಆ ಪ್ರಬಂಧದ ಮೊದಲ ಲೇಖಕ ಆಂಟೋನ್ ಬಾರ್ರೆಯ್ರೊ ಇಗ್ಲೇಸಿಯಾಸ್. ಅದೇ ವಿಜ್ಞಾನಿ ಸ್ಪೇನಿಗೆ ಮರಳಿ, ಲ್ಯಾಂಪ್ರೆ ಎಂಬ ದವಡೆಯಿಲ್ಲದ, ಹಾವಿನಂಥ ಆದಿಮ ಜಲಚರದಲ್ಲಿ ಕೆಲಸ ಮಾಡಿದರು. ಅದರ ಬೆನ್ನುಹುರಿಯನ್ನು ಪೂರ್ತಿ ಕತ್ತರಿಸಿದರೂ ಮಿದುಳಿನಿಂದ ಇಳಿಯುವ ತಂತುಗಳು ಮತ್ತೆ ಬೆಳೆಯುತ್ತವೆ. 2019ರಲ್ಲಿ ಅವರ ತಂಡಕ್ಕೆ ಕಂಡದ್ದು, ಅಲ್ಲಿ ಸಿರೊಟೋನಿನ್ ತಂತುವಿನ ಮರುಬೆಳವಣಿಗೆಯನ್ನು ತಡೆಯುತ್ತದೆ, ತಡೆಯುವುದು ಅದೇ 1ಎ ಗ್ರಾಹಕದ ಮೂಲಕ. ಗೋಲ್ಡ್ ಫಿಷ್ ಅಕ್ಷಿಪಟದಲ್ಲಿ ಇಪ್ಪತ್ತೈದು ವರ್ಷ ಮೊದಲು ಸಿಕ್ಕಿದ್ದ ಸುಳಿವು ಬೇರೊಂದು ಪ್ರಾಣಿಯ ಬೇರೊಂದು ನರದಲ್ಲಿ ಮತ್ತೆ ಎದ್ದು ನಿಂತಿತ್ತು.

ಒಬ್ಬರೇ ವಿಜ್ಞಾನಿಯ ಕೈಯಲ್ಲಿ ಒಂದೇ ಅಣು ಒಂದು ಕಡೆ 'ಹುಟ್ಟು' ಎಂದಿದೆ, ಇನ್ನೊಂದು ಕಡೆ 'ನಿಲ್ಲು' ಎಂದಿದೆ. ಗಮನಿಸಿ, ಕೆಲಸಗಳೂ ಬೇರೆ. ಹೊಸ ಕೋಶ ಹುಟ್ಟುವುದು ಒಂದು, ಇದ್ದ ಕೋಶ ತನ್ನ ಮುರಿದ ತಂತುವನ್ನು ಮತ್ತೆ ಉದ್ದ ಮಾಡಿಕೊಳ್ಳುವುದು ಇನ್ನೊಂದು. ಪತ್ರಿಕೆಗಳು ಎರಡನ್ನೂ 'ನರಗಳ ಪುನರುಜ್ಜೀವನ' ಎಂಬ ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತವೆ. ಕನ್ನಡದಲ್ಲಿ ವಿಜ್ಞಾನ ಬರೆಯುವ ಎಳೆಯರಲ್ಲಿ ನನ್ನ ಕೋರಿಕೆ, ಹುಟ್ಟುವುದಕ್ಕೂ ಚಿಗುರುವುದಕ್ಕೂ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಮಾತುಗಳಿವೆ, ಬೇರೆಯಾಗಿಯೇ ಬಳಸಿ.

ಇನ್ನೊಂದು ಮಾತನ್ನು ಹೇಳದೆ ಈ ವೇದಿಕೆಯಿಂದ ಇಳಿಯಲಾರೆ. ಸಭೆಯಲ್ಲಿ ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರು, ಅವರ ಮನೆಯವರು ಇರಬಹುದು. ಆ ಗುಳಿಗೆಗಳಲ್ಲಿ ಹಲವು ಸಿರೊಟೋನಿನ್ ಮೇಲೆ ಕೆಲಸ ಮಾಡುತ್ತವೆ. ಮೀನಿನ ಅಕ್ಷಿಪಟದ ಚೂರಿನಲ್ಲಿ ಕಂಡದ್ದನ್ನು ಕೇಳಿ ಯಾರೂ ಗುಳಿಗೆ ನಿಲ್ಲಿಸಬಾರದು. ತಟ್ಟೆಯ ಚೂರಿಗೂ ಮನುಷ್ಯನಿಗೂ ನಡುವೆ ಬಹಳ ದೂರವಿದೆ. ಅಷ್ಟೇಕೆ, ಬೆಳೆದ ಇಲಿಗಳಿಗೆ ಅಂಥದೇ ಒಂದು ಗುಳಿಗೆಯ ವಸ್ತು, ಫ್ಲುಯಾಕ್ಸೆಟಿನ್, ಕೊಟ್ಟಾಗ ಮಿದುಳಿನ ದೃಷ್ಟಿಭಾಗ ಎಳೆವಯಸ್ಸಿನ ಮೃದುತ್ವವನ್ನು ಮರಳಿ ಪಡೆಯಿತು ಎಂದು 2008ರಲ್ಲಿ ಇಟಲಿಯ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಲೀಮಾ ಅವರೇ ಒಂದು ಕಡೆ ಮೀನಿನ ಕಣ್ಣನ್ನೂ ಇನ್ನೊಂದು ಕಡೆ ಖಿನ್ನತೆಯ ರೋಗಿಗಳ ರಕ್ತಕೋಶಗಳನ್ನೂ ಅಧ್ಯಯನ ಮಾಡಿದವರು. ಎರಡನ್ನೂ ಬೇರೆ ಬೇರೆ ಮೇಜಿನ ಮೇಲೆ ಇಟ್ಟುಕೊಂಡೇ ಕೆಲಸ ಮಾಡಿದರು.

ನಮ್ಮ ದೃಷ್ಟಿನರ ಏಕೆ ಬೆಳೆಯುವುದಿಲ್ಲ ಎಂಬುದಕ್ಕೆ ಸಿರೊಟೋನಿನ್ ಉತ್ತರವಲ್ಲ. ಸಸ್ತನಿಗಳ ದೃಷ್ಟಿನರದ ಹೊದಿಕೆಯಲ್ಲೇ ತಂತುವನ್ನು ತಡೆಯುವ ವಸ್ತುಗಳಿವೆ, ಗಾಯದ ಕಲೆ ಗೋಡೆಯಾಗುತ್ತದೆ, ಗ್ಯಾಂಗ್ಲಿಯಾನ್ ಕೋಶಕ್ಕೇ ಬೆಳೆಯುವ ಹುಮ್ಮಸ್ಸು ಬತ್ತಿರುತ್ತದೆ. ಆದರೂ ಅದು ಪೂರ್ತಿ ಬತ್ತಿಲ್ಲ. 1980ರ ದಶಕದಲ್ಲಿ ಕೆನಡಾದ ಆಲ್ಬರ್ಟ್ ಅಗುವಾಯೊ ಗುಂಪು ಇಲಿಯ ಕಾಲಿನ ನರದ ತುಂಡೊಂದನ್ನು ಕಣ್ಣಿಗೂ ಮಿದುಳಿಗೂ ನಡುವೆ ಸೇತುವೆಯಾಗಿ ಕಸಿ ಮಾಡಿದಾಗ ಕೆಲವು ತಂತುಗಳು ಆ ಸೇತುವೆ ದಾಟಿ ಮಿದುಳಿನವರೆಗೆ ಹೋದವು. ಆ ಕೆಲವೇ ತಂತುಗಳನ್ನು ಸಾವಿರವಾಗಿಸುವ, ಸಾವಿರವನ್ನು ಸರಿಯಾದ ವಿಳಾಸದಲ್ಲಿ ನಿಲ್ಲಿಸುವ ಕೆಲಸ ಉಳಿದಿದೆ. ಬೆಳೆಸುವ ಔಷಧ ಸಿಕ್ಕ ದಿನ ನಿಲ್ಲಿಸುವ ಔಷಧವೂ ಪಕ್ಕದಲ್ಲಿರಬೇಕು. ಆ ಜೋಡಿಯನ್ನು ನಾವು ಕಲಿಯಬಹುದಾದ ಪ್ರಾಣಿ ಮೀನು.

ಅಮ್ಮನ ಮಾತಿಗೆ ಬರುತ್ತೇನೆ. ಬಸ್ಸಿನ ಆ ದಿನದ ನಂತರ ಪ್ರತಿ ಭಾನುವಾರ ಅಂಗಡಿಯ ಫೋನಿನಿಂದ ನನಗೆ ಕರೆ ಬರುತ್ತಿತ್ತು. ಮಳೆಯಾಯಿತೇ, ಊಟ ಮಾಡಿದೆಯಾ ಎಂಬುದೆಲ್ಲ ಆಮೇಲೆ. ಮೊದಲ ಮಾತು, "ನೆಟ್ಟಗಾಯ್ತೇನೋ ನಿನ್ನ ಮೀನು?" ನನ್ನ ಮೇಜಿನ ಪಕ್ಕದ ತೊಟ್ಟಿಯಲ್ಲಿ ಎಡಗಣ್ಣಿನ ನರ ಜಜ್ಜಿದ ಒಂದು ಕಿತ್ತಳೆ ಬಣ್ಣದ ಮೀನಿತ್ತು. ಮೊದಲ ಭಾನುವಾರ ತುಂಬಾ ವಾಲಿತ್ತು. ಎರಡನೆಯದಕ್ಕೂ ಹಾಗೇ. ನಾನು ಗಾಜಿಗೆ ಕಾಗದ ಅಂಟಿಸಿ ಮೈಯ ಓರೆಯನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಗೆರೆಗಳು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಮೇಲೆದ್ದವು. ಕೊನೆಗೊಂದು ದಿನ ಎಡಬದಿಯಿಂದ ಕಾಳು ಹಾಕಿದೆ. ಕಾಳು ನೀರಿಗೆ ಬೀಳುವ ಮೊದಲೇ ಮೀನು ಆ ಕಡೆಗೆ ತಿರುಗಿತು, ತಿರುಗಿ ಕಾಳಿನ ಕೆಳಗೆ ಬಂದು ನಿಂತಿತು.

ಆ ಭಾನುವಾರ ಫೋನಿನಲ್ಲಿ ಹೇಳಿದೆ, "ಆಯ್ತಮ್ಮ, ನೆಟ್ಟಗಾಯ್ತು."

ಆ ಕಡೆ ಒಂದು ಕ್ಷಣ ಮಾತಿರಲಿಲ್ಲ. ಆಮೇಲೆ ಕೇಳಿದರು, "ನಿಲ್ಲೋ ಕಡೆ ನಿಂತ್ಕೊಳ್ತಾ?"